ಹಳೆಯ ಟರ್ಬೋ ಗಾಡಿಯ ಬೂಸ್ಟ್ ಏರಿಸುವ ಮುನ್ನ: ಕರಾವಳಿಯ ಸೆಕೆ, ಘಟ್ಟದ ಏರು ಮತ್ತು ವೇಸ್ಟ್‌ಗೇಟ್

ಹಳೆಯ ಟರ್ಬೋ ಕಾರಿನ ಬೂಸ್ಟ್, ಅಂದರೆ ಟರ್ಬೋ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ, ಏರಿಸಲು ಬೇಕಾಗುವ ಸಾಮಾನು ನೋಡಿದರೆ ಇಷ್ಟೇನಾ ಅನಿಸುತ್ತದೆ. ಅರ್ಧ ಮೀಟರ್ ಹೋಸ್, ಒಂದು ಟೀ ಜಾಯಿಂಟ್, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಾಳಿಯ ವಾಲ್ವ್, ನಾಲ್ಕು ಕ್ಲಿಪ್. ಅರ್ಧ ಗಂಟೆಯಲ್ಲಿ ಜೋಡಿಸಿ ರಸ್ತೆಗಿಳಿದರೆ ಗೇಜಿನ ಮುಳ್ಳು ನಿಜವಾಗಿಯೂ ಮೊದಲಿಗಿಂತ ಮೇಲೆ ಹೋಗುತ್ತದೆ. ಒತ್ತಡ ಏರಿಸುವುದು ಇಷ್ಟು ಸುಲಭವಾಗಿರುವುದರಿಂದಲೇ ಇಷ್ಟೊಂದು ಎಂಜಿನ್‌ಗಳು ಗ್ಯಾರೇಜಿನಲ್ಲಿ ಬಿಚ್ಚಿ ಕೂತಿರುತ್ತವೆ. ಹೆಚ್ಚಾದ ಗಾಳಿಗೆ ತಕ್ಕ ಇಂಧನ ಒದಗಿಸುವುದು, ಹೆಚ್ಚಾದ ಬಿಸಿಯನ್ನು ಹೊರಗೆ ಹಾಕುವುದು ಬೇರೆಯೇ ಕೆಲಸ. ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಆ ಕೆಲಸ ಇನ್ನಷ್ಟು ಕಷ್ಟ. ಇಲ್ಲಿ ಗಾಳಿಯೇ ಬಿಸಿ, ಗಾಳಿಯಲ್ಲೇ ಉಪ್ಪು. ಊರು ಬಿಟ್ಟು ಒಂದೂವರೆ ಗಂಟೆ ಹೋದರೆ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ಏರು.

ಇಲ್ಲಿ ಹೇಳುತ್ತಿರುವುದು ಇವತ್ತಿಗೂ ನಮ್ಮ ರಸ್ತೆಗಳಲ್ಲಿ ಕಾಣುವ ಗಾಡಿಗಳ ಬಗ್ಗೆ: 150 ಕುದುರೆಶಕ್ತಿಯ ಆಕ್ಟೇವಿಯಾ ಆರ್‌ಎಸ್ ಪೆಟ್ರೋಲ್, 75 ಕುದುರೆಶಕ್ತಿಯ 1.3 ಡೀಸೆಲ್ ಎಂಜಿನ್ನಿನ ಸ್ವಿಫ್ಟ್, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಹಳೆಯ ಯುಟಿಲಿಟಿ ಗಾಡಿಗಳು.

ಬೂಸ್ಟ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಯಾರು

ಗೇಜಿನಲ್ಲಿ ಕಾಣುವ ಬೂಸ್ಟ್ ಎಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆ ಎಂಬ ಅಳತೆ. ಸಮುದ್ರ ಮಟ್ಟದಲ್ಲಿ ಹೊರಗಿನ ಒತ್ತಡ ಸುಮಾರು 1.01 ಬಾರ್, ಅಂದರೆ 14.7 ಪಿಎಸ್‌ಐ. ಗೇಜ್ 0.8 ಬಾರ್ ತೋರಿಸಿದರೆ ಎಂಜಿನ್ನಿನೊಳಗೆ ಹೋಗುವ ಗಾಳಿಯ ಒಟ್ಟು ಒತ್ತಡ 1.8 ಬಾರ್. ಕಾರಿನ ಕಂಪ್ಯೂಟರನ್ನು ಓದಲು ಮೊಬೈಲಿಗೆ ಜೋಡಿಸುವ ಒಬಿಡಿ ಸ್ಕ್ಯಾನರ್ ತೋರಿಸುವುದು ಈ ಒಟ್ಟು ಒತ್ತಡವನ್ನು, ಅದೂ ಕಿಲೋಪಾಸ್ಕಲ್‌ನಲ್ಲಿ. ಅಲ್ಲಿ 180 ಕಂಡರೆ ಅದರಲ್ಲಿ 100 ಕಳೆದು 0.8 ಬಾರ್ ಎಂದು ಓದಬೇಕು. ಸಾಮಾನ್ಯ ಸ್ಕ್ಯಾನರ್‌ಗಳ ಓದು 255ಕ್ಕೆ ನಿಂತುಬಿಡುತ್ತದೆ. ಅಷ್ಟು ಕಂಡರೆ ನಿಜವಾದ ಒತ್ತಡ ಅದಕ್ಕಿಂತ ಮೇಲಿದ್ದರೂ ಇರಬಹುದು.

ಟರ್ಬೋದ ಒಂದು ಬದಿಯಲ್ಲಿ ಹೊಗೆ ತಿರುಗಿಸುವ ಟರ್ಬೈನ್, ಇನ್ನೊಂದು ಬದಿಯಲ್ಲಿ ಗಾಳಿ ಒತ್ತುವ ಕಂಪ್ರೆಸರ್. ಹೊಗೆ ಹೆಚ್ಚಿದಷ್ಟೂ ಟರ್ಬೈನ್ ವೇಗ ಹೆಚ್ಚುತ್ತದೆ, ಗಾಳಿ ಹೆಚ್ಚುತ್ತದೆ, ಅದರಿಂದ ಹೊಗೆಯೂ ಹೆಚ್ಚುತ್ತದೆ. ತಡೆಯುವವರಿಲ್ಲದಿದ್ದರೆ ಇದು ಏರುತ್ತಲೇ ಹೋಗುತ್ತದೆ. ತಡೆಯುವುದು ವೇಸ್ಟ್‌ಗೇಟ್. ಟರ್ಬೈನ್ ಪಕ್ಕದಲ್ಲಿರುವ ಸಣ್ಣ ಮುಚ್ಚಳ ಅದು. ತೆರೆದರೆ ಹೊಗೆಯ ಒಂದು ಪಾಲು ಟರ್ಬೈನಿಗೆ ಹೋಗದೆ ನೇರ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಮುಚ್ಚಳ ಎಳೆಯುವ ಸರಳು ಬರುವುದು ಆ್ಯಕ್ಚುಯೇಟರ್ ಎಂಬ ಡಬ್ಬಿಯಿಂದ. ಡಬ್ಬಿಯೊಳಗೆ ಒಂದು ರಬ್ಬರ್ ಪರದೆ (ಡಯಾಫ್ರಂ), ಅದರ ಹಿಂದೆ ಸ್ಪ್ರಿಂಗ್. ಕಂಪ್ರೆಸರ್‌ನಿಂದ ಒಂದು ಸಣ್ಣ ಹೋಸ್ ಈ ಡಬ್ಬಿಗೆ ಬರುತ್ತದೆ. ಬೂಸ್ಟ್ ಒತ್ತಡ ಸ್ಪ್ರಿಂಗನ್ನು ಸೋಲಿಸಿದ ಕೂಡಲೇ ಸರಳು ಮುಂದಕ್ಕೆ ಬಂದು ಮುಚ್ಚಳ ತೆರೆದುಕೊಳ್ಳುತ್ತದೆ.

ಮನೆಯಲ್ಲಿ ಮಾಡುವ ಎಲ್ಲ ಮಾರ್ಪಾಡೂ ಈ ಡಬ್ಬಿಗೆ ಸುಳ್ಳು ಹೇಳುವ ಉಪಾಯವೇ. ಒತ್ತಡ ಏರಿದ್ದರೂ ಏರಿಲ್ಲ ಎಂದು ಅದನ್ನು ನಂಬಿಸುವುದು, ಇಲ್ಲವೇ ಸ್ಪ್ರಿಂಗನ್ನೇ ಬಿಗಿ ಮಾಡುವುದು. ವಾಲ್ವ್ ಯಾವುದೇ ಇರಲಿ, ಹೋಸ್ ಹೇಗೇ ಹಾಕಿರಲಿ, ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಹೋಸ್ ಕಳಚಿದರೆ ಏನಾಗುತ್ತದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಆ್ಯಕ್ಚುಯೇಟರ್‌ಗೆ ಹೋಗುವ ಹೋಸ್ ಕಳಚಿತೋ, ಡಬ್ಬಿಗೆ ಒತ್ತಡವೇ ಮುಟ್ಟುವುದಿಲ್ಲ, ಮುಚ್ಚಳ ತೆರೆಯುವುದೇ ಇಲ್ಲ, ಬೂಸ್ಟ್‌ಗೆ ಮೇಲಿನ ಮಿತಿಯೇ ಇರುವುದಿಲ್ಲ. ಕೆಲವರು ಬೇಕೆಂದೇ ಆ ಹೋಸ್ ಕಳಚಿ ಬೋಲ್ಟ್ ತುರುಕಿ ಓಡಿಸುತ್ತಾರೆ. ಇದನ್ನು ಒಂದು ಬಾರಿಯೂ ಮಾಡಬೇಡಿ.

ಮೊದಲು ಇದ್ದದ್ದನ್ನು ವಾಪಸು ತನ್ನಿ

ಹದಿನೈದು ವರ್ಷ ಕರಾವಳಿಯಲ್ಲಿ ಓಡಿದ ಗಾಡಿ ಕಂಪನಿ ಕೊಟ್ಟ ಬೂಸ್ಟನ್ನೇ ಪೂರ್ತಿ ಕೊಡುತ್ತಿರುವುದಿಲ್ಲ. ಪಿಕಪ್ ಕಡಿಮೆ ಎಂದು ಬೂಸ್ಟ್ ಏರಿಸಲು ಹೊರಟವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಹೊಸ ವಾಲ್ವ್ ಅಲ್ಲ, ಸೋರಿಕೆ ನಿಲ್ಲಿಸುವ ಕೆಲಸ. ಸೋರುವ ವ್ಯವಸ್ಥೆಯಲ್ಲಿ ಬೂಸ್ಟ್ ಏರಿಸಿದರೆ ಸೋರಿದ ಗಾಳಿಯನ್ನೂ ತುಂಬಲು ಟರ್ಬೋ ಹೆಚ್ಚು ವೇಗದಲ್ಲಿ ತಿರುಗಬೇಕಾಗುತ್ತದೆ. ಗೇಜಿನಲ್ಲಿ ಮಾತ್ರ ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ಸೋರಿಕೆ ಪರೀಕ್ಷೆಗೆ ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪ್ ಸಾಕು. ಟರ್ಬೋಗೆ ಗಾಳಿ ಬರುವ ರಬ್ಬರ್ ಹೋಸಿನ ಒಳ ಅಳತೆಗೆ ಸರಿಹೊಂದುವ ಕ್ಯಾಪ್ ತನ್ನಿ, ಹಲವು ಗಾಡಿಗಳಿಗೆ 63 ಮಿ.ಮೀ. ಹತ್ತಿರ ಬರುತ್ತದೆ. ಕ್ಯಾಪಿನ ನಡುವೆ 11.5 ಮಿ.ಮೀ. ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ರಬ್ಬರ್ ವಾಲ್ವ್ ಎಳೆದು ಕೂರಿಸಿ. ಎಂಜಿನ್ ತಣ್ಣಗಿರುವಾಗ, ಆಫ್ ಇರುವಾಗ, ಏರ್ ಫಿಲ್ಟರ್ ಮತ್ತು ಒಳಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಬಿಚ್ಚಿ ಬದಿಗಿಟ್ಟು, ಟರ್ಬೋ ಬಾಯಿಯ ಹೋಸಿಗೆ ಈ ಕ್ಯಾಪ್ ಹಾಕಿ ಕ್ಲ್ಯಾಂಪ್ ಬಿಗಿ ಮಾಡಿ. ಕಾಲಿನ ಪಂಪಿನಿಂದ ಒತ್ತಡ ಕೊಡಿ. 0.5 ಬಾರ್ ಸಾಕು, ಅದಕ್ಕಿಂತ ಹೆಚ್ಚು ಬೇಡ. ಎಂಜಿನ್ನಿನ ಯಾವುದಾದರೂ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿರುತ್ತದೆ, ಆದ್ದರಿಂದ ಒತ್ತಡ ನಿಧಾನಕ್ಕೆ ಇಳಿಯುವುದು ಸಹಜ. ಕ್ಯಾಪ್ ಹಾರುವ ಸಾಧ್ಯತೆ ಇದೆ, ಅದರ ಎದುರು ಮುಖ ಇಡಬೇಡಿ.

ಈಗ ಸೋಪಿನ ನೀರು ಚಿಮುಕಿಸಿ ನೋಡಿ. ಮೊದಲು ಇಂಟರ್‌ಕೂಲರಿನ, ಅಂದರೆ ಟರ್ಬೋ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ರೇಡಿಯೇಟರಿನ, ಎರಡೂ ತುದಿಯ ಹೋಸ್ ಜಾಯಿಂಟ್. ಇಲ್ಲಿ ಎಣ್ಣೆಯ ಜಿಡ್ಡು ಇದ್ದು ಹೋಸ್ ಜಾರಿರುತ್ತದೆ. ಆಮೇಲೆ ಇಂಟರ್‌ಕೂಲರಿನ ಅಲ್ಯೂಮಿನಿಯಂ ರೆಕ್ಕೆ ಮತ್ತು ಪ್ಲಾಸ್ಟಿಕ್ ತೊಟ್ಟಿ ಸೇರುವ ಜಾಗ, ಉಪ್ಪುಗಾಳಿ ತಿಂದು ಬಿಳಿ ಪುಡಿ ಕಟ್ಟಿದ್ದರೆ ಅಲ್ಲೇ ಗುಳ್ಳೆ ಬರುತ್ತದೆ. ಪೆಟ್ರೋಲ್ ಗಾಡಿಯಲ್ಲಿ, ಎಕ್ಸಲರೇಟರ್ ಬಿಟ್ಟಾಗ ಬೂಸ್ಟ್ ಗಾಳಿಯನ್ನು ಹೊರಳಿಸುವ ಡೈವರ್ಟರ್ ವಾಲ್ವಿನ ಡಯಾಫ್ರಂ ಹರಿದಿರುವುದು ಮಾಮೂಲು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಗಾಳಿ ಜೋರಾಗಿ ಬರುತ್ತಿದ್ದರೆ ಎಂಜಿನ್ನಿನ ಕೆಳಭಾಗದ ಆವಿಯನ್ನು ಇನ್‌ಟೇಕಿಗೆ ಬಿಡುವ ಪಿಸಿವಿ ವಾಲ್ವ್ ಹೋಗಿರಬಹುದು.

ಆ್ಯಕ್ಚುಯೇಟರನ್ನೂ ಇದೇ ಹೊತ್ತಿಗೆ ಪರೀಕ್ಷಿಸಿ. ಗೇಜ್ ಇರುವ ಕೈಪಂಪಿನಿಂದ ಡಬ್ಬಿಗೆ ಒತ್ತಡ ಕೊಡುತ್ತ ಸರಳು ಯಾವಾಗ ಕದಲುತ್ತದೆ, ಎಲ್ಲಿಯವರೆಗೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಪಂಪ್ ನಿಲ್ಲಿಸಿದ ಮೇಲೆ ಒಂದು ನಿಮಿಷ ಒತ್ತಡ ನಿಲ್ಲಬೇಕು, ನಿಲ್ಲದಿದ್ದರೆ ಡಯಾಫ್ರಂ ಹರಿದಿದೆ. ಸರಳು ತಡೆತಡೆದು ಜರ್ಕ್ ಹೊಡೆಯುತ್ತ ಬಂದರೆ ವೇಸ್ಟ್‌ಗೇಟಿನ ಶಾಫ್ಟ್ ತುಕ್ಕು ಹಿಡಿದಿದೆ. ಸಮುದ್ರದ ಪಕ್ಕದ ಮನೆಗಳಲ್ಲಿ, ಸುರತ್ಕಲ್, ಮಲ್ಪೆ, ಪಣಂಬೂರು ಕಡೆ ಹೊರಗೆ ನಿಲ್ಲುವ ಗಾಡಿಗಳಲ್ಲಿ ಇದನ್ನು ಮೊದಲು ಸಂಶಯಿಸಬೇಕು. ಶಾಫ್ಟ್ ತೆರೆದೇ ಹಿಡಿದುಕೊಂಡಿದ್ದರೆ ಬೂಸ್ಟ್ ಬರುವುದಿಲ್ಲ, ಮುಚ್ಚಿ ಹಿಡಿದುಕೊಂಡಿದ್ದರೆ ಬೂಸ್ಟ್ ಮಿತಿ ಮೀರುತ್ತದೆ. ಎರಡನೆಯದರ ಮೇಲೆ ಬೂಸ್ಟ್ ಕಂಟ್ರೋಲರ್ ಹಾಕಿದರೆ ಕಂಟ್ರೋಲ್ ಮಾಡಲು ಏನೂ ಉಳಿದಿರುವುದಿಲ್ಲ.

ಕಂಪ್ರೆಸರ್ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಡ್ಡಡ್ಡ ತುಸು ಆಟ ಇರುವುದು ಸಹಜ, ಆದರೆ ರೆಕ್ಕೆ ಗೋಡೆಗೆ ತಾಗಬಾರದು. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಆ ಟರ್ಬೋಗೆ ಬೂಸ್ಟ್ ಏರಿಸುವ ಮಾತೇ ಬೇಡ, ಮೊದಲು ರಿಪೇರಿ.

ಮೂರು ದಾರಿಗಳು

ಸರಳು ಗಿಡ್ಡ ಮಾಡುವುದು ಹಳೆಯ ವಿಧಾನ. ಕೆಲವು ಆ್ಯಕ್ಚುಯೇಟರ್‌ಗಳ ಸರಳಿನ ತುದಿಯಲ್ಲಿ ಮರೆ (ಥ್ರೆಡ್) ಮತ್ತು ಲಾಕ್ ನಟ್ ಇರುತ್ತದೆ. ಎಂ6 (6 ಮಿ.ಮೀ.) ಮರೆಯಾದರೆ ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಸರಳು 1 ಮಿ.ಮೀ. ಗಿಡ್ಡವಾಗುತ್ತದೆ. ಸರಳು ಗಿಡ್ಡವಾದಷ್ಟೂ ಮುಚ್ಚಳ ಬಿಗಿಯಾಗಿ ಕೂರುತ್ತದೆ, ತೆರೆಯಲು ಹೆಚ್ಚು ಒತ್ತಡ ಬೇಕಾಗುತ್ತದೆ. ಒಂದು ಸುತ್ತು ತಿರುಗಿಸಿದರೆ ಎಷ್ಟು ಬೂಸ್ಟ್ ಏರುತ್ತದೆ ಎಂಬುದು ಸ್ಪ್ರಿಂಗಿನ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ 1ರಿಂದ 2 ಪಿಎಸ್‌ಐ. ಅರ್ಧ ಸುತ್ತು ತಿರುಗಿಸಿ ಗೇಜ್ ನೋಡಿ, ಮತ್ತೆ ಅರ್ಧ ಸುತ್ತು. ಹೆಚ್ಚು ಬಿಗಿ ಮಾಡಿದರೆ ಒಂದು ತೊಂದರೆ ಇದೆ. ಡಬ್ಬಿಯೊಳಗಿನ ಒಟ್ಟು ಓಡಾಟ ಬದಲಾಗುವುದಿಲ್ಲ, ಅದರಲ್ಲಿ 3 ಮಿ.ಮೀ. ಬಿಗಿತಕ್ಕೇ ಖರ್ಚಾದರೆ ಮುಚ್ಚಳ ತೆರೆಯಲು ಉಳಿಯುವ ಓಡಾಟ ಅಷ್ಟು ಕಡಿಮೆ. ಕಡಿಮೆ ಆರ್‌ಪಿಎಂನಲ್ಲಿ ಎಲ್ಲ ಸರಿ ಕಾಣುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಅಷ್ಟೂ ಹೊಗೆ ಆ ಸಣ್ಣ ಸಂದಿಯಿಂದ ಹೋಗಲಾರದೆ ಬೂಸ್ಟ್ ತಾನಾಗಿ ಮೇಲೆ ತೆವಳುತ್ತದೆ. ಸರಳಿನ ತುದಿ ವೆಲ್ಡ್ ಆಗಿರುವ ಆ್ಯಕ್ಚುಯೇಟರ್‌ಗಳನ್ನು ಬಗ್ಗಿಸಿ ಗಿಡ್ಡ ಮಾಡುವ ಪ್ರಯತ್ನ ಬೇಡ, ಸರಳು ಓರೆಯಾಗಿ ಡಯಾಫ್ರಂ ಹರಿಯುತ್ತದೆ.

ಎರಡನೆಯದು ಗಾಳಿ ಸೋರಿಸುವ ವಾಲ್ವ್, ಅಕ್ವೇರಿಯಂ ವಾಲ್ವ್ ಬಳಸುವುದು ಇದಕ್ಕೇ. ಕಂಪ್ರೆಸರಿನಿಂದ ಆ್ಯಕ್ಚುಯೇಟರಿಗೆ ಹೋಗುವ ಹೋಸನ್ನು ಕತ್ತರಿಸಿ ನಡುವೆ ಟೀ ಹಾಕುತ್ತಾರೆ. ಟೀಯ ಮೂರನೇ ಕಾಲಿಗೆ ವಾಲ್ವ್. ವಾಲ್ವ್ ತೆರೆದಷ್ಟು ಗಾಳಿ ಹೊರಗೆ ಸೋರಿ ಡಬ್ಬಿಗೆ ಮುಟ್ಟುವ ಒತ್ತಡ ಕಡಿಮೆಯಾಗುತ್ತದೆ, ಬೂಸ್ಟ್ ಏರುತ್ತದೆ. ಇದನ್ನು ಹಾಕಿದರೂ ಏನೂ ವ್ಯತ್ಯಾಸ ಆಗಲಿಲ್ಲ ಎನ್ನುವವರು ಒಂದು ಭಾಗವನ್ನು ಬಿಟ್ಟಿರುತ್ತಾರೆ. ಕಂಪ್ರೆಸರ್ ಮತ್ತು ಟೀ ನಡುವೆ ಒಂದು ಸಣ್ಣ ತಡೆ ಬೇಕೇ ಬೇಕು. ತಡೆ ಇಲ್ಲದಿದ್ದರೆ ನೀವು ಸೋರಿಸಿದ್ದನ್ನು ಕಂಪ್ರೆಸರ್ ಅದೇ ಕ್ಷಣ ತುಂಬಿಕೊಡುತ್ತದೆ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಮಿಗ್ ವೆಲ್ಡಿಂಗ್ ಟಿಪ್, 1 ಮಿ.ಮೀ. ತೂತಿನದ್ದು, ಇದಕ್ಕೆ ಹೇಳಿ ಮಾಡಿಸಿದಂತಿದೆ. ತಾಮ್ರದ ತುಂಡು, ಹೊರಗೆ ಎಂ6 ಮರೆ, 5 ಮಿ.ಮೀ. ಹೋಸಿನೊಳಗೆ ಒತ್ತಿ ಕೂರಿಸಿದರೆ ಅಲ್ಲಾಡುವುದಿಲ್ಲ.

ಅಕ್ವೇರಿಯಂ ವಾಲ್ವ್ ಪ್ಲಾಸ್ಟಿಕ್ಕಿನದು, ಅದರ ಹೋಸ್ ಮೆತ್ತನೆಯ ಪಿವಿಸಿ. ಟರ್ಬೋದ ಹತ್ತಿರ ಎರಡೂ ಬಾಳುವುದಿಲ್ಲ. ಹಿತ್ತಾಳೆಯ ಸಣ್ಣ ನೀಡಲ್ ವಾಲ್ವ್, 4 ಅಥವಾ 5 ಮಿ.ಮೀ. ಒಳ ಅಳತೆಯ ಸಿಲಿಕಾನ್ ಹೋಸ್ ಬಳಸಿ. ಹೋಸ್ ಆದಷ್ಟು ಗಿಡ್ಡ ಇರಲಿ. ಡ್ಯಾಶ್‌ಬೋರ್ಡಿನ ಮುಂದೆ ಕೂತು ವಾಲ್ವ್ ತಿರುಗಿಸುವ ಆಸೆಗೆ ಎರಡು ಮೀಟರ್ ಹೋಸ್ ಎಳೆದರೆ ಒತ್ತಡದ ಸುದ್ದಿ ಡಬ್ಬಿಗೆ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಬೂಸ್ಟ್ ಗುರಿ ದಾಟಿ ಮೇಲೆ ಹೋಗಿರುತ್ತದೆ. ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಸೋರಿದ ಗಾಳಿಯನ್ನು ಹೊರಗೆ ಬಿಡಬಾರದು. ಅದು ಈಗಾಗಲೇ ಲೆಕ್ಕಕ್ಕೆ ಸಿಕ್ಕ ಗಾಳಿ, ಸೆನ್ಸರ್ ಮತ್ತು ಟರ್ಬೋ ನಡುವಿನ ಪೈಪಿಗೆ ವಾಪಸು ಸೇರಿಸಬೇಕು.

ಮೂರನೆಯದು ಗುಂಡು ಮತ್ತು ಸ್ಪ್ರಿಂಗಿನ ವಾಲ್ವ್. ಮೂರರಲ್ಲಿ ಇದೇ ಉತ್ತಮ. ಹೋಸಿನ ದಾರಿಗೆ ಅಡ್ಡಲಾಗಿ ಒಂದು ಹಿತ್ತಾಳೆ ಫಿಟಿಂಗ್, ಅದರೊಳಗೆ 6 ಮಿ.ಮೀ. ಬೇರಿಂಗ್ ಗುಂಡು, ಗುಂಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್, ಸ್ಪ್ರಿಂಗಿನ ಬಿಗಿ ಬದಲಿಸುವ ಬೋಲ್ಟು, ಅದಕ್ಕೊಂದು ಲಾಕ್ ನಟ್. ಗುಂಡು ಕಂಪ್ರೆಸರ್ ಕಡೆಯ ತೂತನ್ನು ಮುಚ್ಚಿರಬೇಕು. ಒತ್ತಡ ಸ್ಪ್ರಿಂಗನ್ನು ಮೀರುವವರೆಗೆ ಡಬ್ಬಿಗೆ ಗಾಳಿಯೇ ಹೋಗುವುದಿಲ್ಲ, ಆದ್ದರಿಂದ ವೇಸ್ಟ್‌ಗೇಟ್ ಮೊದಲೇ ಅರೆಬರೆ ತೆರೆಯುವುದು ತಪ್ಪುತ್ತದೆ, ಬೂಸ್ಟ್ ಬೇಗ ಬರುತ್ತದೆ. ಇಲ್ಲಿ ಮರೆಯಬಾರದ ಭಾಗ ಎಂದರೆ ಗುಂಡಿನ ಆಚೆ, ಆ್ಯಕ್ಚುಯೇಟರ್ ಬದಿಯಲ್ಲಿ, ಒಂದು ಮಿಲಿಮೀಟರಿಗಿಂತ ಸಣ್ಣ ತೂತು. ಎಕ್ಸಲರೇಟರ್ ಬಿಟ್ಟಾಗ ಡಬ್ಬಿಯಲ್ಲಿ ಸಿಕ್ಕಿಬಿದ್ದ ಗಾಳಿ ಹೊರಬರಲು ಅದೊಂದೇ ದಾರಿ. ಅದಿಲ್ಲದಿದ್ದರೆ ವೇಸ್ಟ್‌ಗೇಟ್ ತೆರೆದೇ ಉಳಿದು, ಗೇರ್ ಬದಲಿಸಿದ ಮೇಲೆ ಬೂಸ್ಟ್ ಬರುವುದೇ ಇಲ್ಲ.

ತಿರುಗಿಸುವ ದಿಕ್ಕು ಎರಡಕ್ಕೂ ತದ್ವಿರುದ್ಧ. ಸೋರಿಸುವ ವಾಲ್ವ್ ತೆರೆದರೆ ಬೂಸ್ಟ್ ಏರುತ್ತದೆ, ಗುಂಡಿನ ವಾಲ್ವ್ ಬಿಗಿ ಮಾಡಿದರೆ ಏರುತ್ತದೆ. ಮೊದಲ ಸಲ ಓಡಿಸುವಾಗ ಎರಡನ್ನೂ ಅತಿ ಕಡಿಮೆ ಬೂಸ್ಟಿನ ತುದಿಯಲ್ಲಿಟ್ಟು ಹೊರಡಿ. ಆ್ಯಕ್ಚುಯೇಟರ್ ಕಡೆಯ ಪ್ರತಿ ಜಾಯಿಂಟಿಗೂ ಕ್ಲಿಪ್ ಹಾಕಿ. ಒತ್ತಡದ ಹೋಸನ್ನು ಕಂಪ್ರೆಸರ್ ಮೇಲಿನ ನಿಪ್ಪಲಿನಿಂದಲೇ ತೆಗೆದುಕೊಳ್ಳಿ. ಪೆಟ್ರೋಲ್ ಗಾಡಿಯ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪಿನಿಂದ) ತೆಗೆದರೆ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಬಂದು ಡಯಾಫ್ರಂ ಪ್ರತಿ ಸಲವೂ ಉಲ್ಟಾ ಎಳೆಯಲ್ಪಡುತ್ತದೆ. ಬೂಸ್ಟ್ ಗೇಜಿಗೆ ಮಾತ್ರ ಮ್ಯಾನಿಫೋಲ್ಡೇ ಸರಿ.

ಈ ಮೂರೂ ಸ್ಪ್ರಿಂಗ್ ಆ್ಯಕ್ಚುಯೇಟರಿನ ಸಾದಾ ಟರ್ಬೋಗೆ. ಒಳಗೆ ತಿರುಗುವ ರೆಕ್ಕೆಗಳಿರುವ ವಿಜಿಟಿ ಟರ್ಬೋಗೆ, ಅಂದರೆ 1.3 ಡೀಸೆಲಿನ 90 ಕುದುರೆಶಕ್ತಿಯ ಆವೃತ್ತಿಯಂಥವಕ್ಕೆ, ಇವು ಹೊಂದುವುದಿಲ್ಲ. ಅಲ್ಲಿ ಆ್ಯಕ್ಚುಯೇಟರನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನಡೆಸುತ್ತದೆ. ರೆಕ್ಕೆಗಳ ಸ್ಟಾಪ್ ಸ್ಕ್ರೂ ಮುಟ್ಟಿದರೆ ಆರ್‌ಪಿಎಂ ಏರುವ ಮೊದಲೇ ಮಿತಿಮೀರಿದ ಬೂಸ್ಟ್ ಬಂದು ಗಾಡಿ ಲಿಂಪ್ ಮೋಡಿಗೆ (ಎಂಜಿನ್ ಉಳಿಸಲು ಬಲ ಕಡಿತ ಮಾಡುವ ಸ್ಥಿತಿಗೆ) ಹೋಗುತ್ತದೆ. ಆಕ್ಟೇವಿಯಾ 1.8 ಟರ್ಬೋದಲ್ಲೂ ವೇಸ್ಟ್‌ಗೇಟ್ ಹೋಸಿನ ನಡುವೆ ಎನ್75 ಎಂಬ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ವಾಲ್ವ್) ಇದೆ, ಇಸಿಯು ಅದರ ಮೂಲಕ ಬೂಸ್ಟ್ ಕೇಳುತ್ತದೆ. ನಡುವೆ ಕೈವಾಲ್ವ್ ಸೇರಿಸಿದರೆ ಕೇಳಿದ್ದೊಂದು, ಬಂದದ್ದೊಂದು ಎಂದು ಇಸಿಯು ಪಿ0234 ಎಂಬ ಅತಿ ಬೂಸ್ಟಿನ ದೋಷ ಕೋಡ್ ಹಾಕಿ ಥ್ರಾಟಲ್ ಮುಚ್ಚುತ್ತದೆ. ಅಂಥ ಗಾಡಿಗೆ ಸರಿಯಾದ ದಾರಿ ಇಸಿಯು ರೀಮ್ಯಾಪ್, ಅಂದರೆ ಅದರೊಳಗಿನ ಇಂಧನ, ಬೂಸ್ಟ್ ಲೆಕ್ಕದ ಪಟ್ಟಿಯನ್ನೇ (ಮ್ಯಾಪ್) ಬದಲಿಸುವುದು. ಕೋಡ್ ಬರಬಾರದೆಂದು ಪ್ರೆಷರ್ ಸೆನ್ಸರಿನ ಸಿಗ್ನಲ್ಲನ್ನು ಡಯೋಡ್ ಹಾಕಿ ಕಟ್ಟಿಹಾಕುವ ಉಪಾಯ ಬಹಳ ಕೆಟ್ಟದ್ದು. ಗಾಳಿ ಹೆಚ್ಚಾದದ್ದು ಎಂಜಿನ್ನಿಗೆ ಗೊತ್ತೇ ಆಗದೆ ಇಂಧನ ಹಳೆಯ ಲೆಕ್ಕದಲ್ಲೇ ಬೀಳುತ್ತದೆ.

ಸೆಕೆಯ ಲೆಕ್ಕ

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದೂ ಇದರಿಂದಲೇ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನ, ಟರ್ಬೋ ಬಾಯಿಗೆ ಬರುವ ಗಾಳಿ 35 ಡಿಗ್ರಿ ಎಂದುಕೊಳ್ಳಿ. 0.5 ಬಾರ್ ಬೂಸ್ಟಿನಲ್ಲಿ, ಕಂಪ್ರೆಸರ್ ದಕ್ಷತೆ ಶೇ. 70 ಇದ್ದರೆ, ಹೊರಬರುವ ಗಾಳಿ ಸುಮಾರು 89 ಡಿಗ್ರಿ. ಸಣ್ಣ ಟರ್ಬೋಗಳ ದಕ್ಷತೆ ಒತ್ತಡ ಏರಿದಂತೆ ಇಳಿಯುತ್ತದೆ. 0.8 ಬಾರಿಗೆ ದಕ್ಷತೆ ಶೇ. 68 ಹಿಡಿದರೆ 118 ಡಿಗ್ರಿ, 1 ಬಾರಿಗೆ ಶೇ. 65 ಹಿಡಿದರೆ 139 ಡಿಗ್ರಿ.

ಬಿಸಿ ಗಾಳಿ ತೆಳು. ಇಂಟರ್‌ಕೂಲರ್ ಇಲ್ಲದ ಗಾಡಿಯಲ್ಲಿ 0.5ರಿಂದ 0.8 ಬಾರಿಗೆ ಏರಿಸಿದರೆ ಒಟ್ಟು ಒತ್ತಡ ಶೇ. 20 ಹೆಚ್ಚಾಯಿತು, ಆದರೆ ಸಿಲಿಂಡರಿಗೆ ಹೋದ ಗಾಳಿ ಹೆಚ್ಚಾದದ್ದು ಶೇ. 11 ಮಾತ್ರ. 1 ಬಾರಿಗೆ ಏರಿಸಿದರೆ ಒತ್ತಡ ಶೇ. 33 ಹೆಚ್ಚು, ಗಾಳಿ ಶೇ. 17 ಹೆಚ್ಚು. ಮಿಕ್ಕಿದ್ದೆಲ್ಲ ಬಿಸಿ. ಶೇ. 65 ದಕ್ಷತೆಯ ಇಂಟರ್‌ಕೂಲರ್ ಇದ್ದರೆ 139 ಡಿಗ್ರಿಯ ಗಾಳಿ 71ಕ್ಕೆ ಇಳಿಯುತ್ತದೆ, ಆಗ ಏರಿಸಿದ ಒತ್ತಡಕ್ಕೆ ನಿಜವಾದ ಫಲ ಸಿಗುತ್ತದೆ. ಆದ್ದರಿಂದಲೇ ಬೂಸ್ಟ್ ವಾಲ್ವಿಗೆ ದುಡ್ಡು ಹಾಕುವ ಮೊದಲು ಇಂಟರ್‌ಕೂಲರನ್ನು ಬಿಚ್ಚಿ ಒಳಗಿನ ಆಯಿಲ್ ತೊಳೆದು, ಹೊರಗಿನ ರೆಕ್ಕೆಗಳ ಮಣ್ಣು ತೆಗೆಯುವುದು ಲಾಭದ ಕೆಲಸ. ಆಯಿಲ್ ಜಿಡ್ಡು ಹಿಡಿದ ಒಳಮೈ ಬಿಸಿ ಬಿಟ್ಟುಕೊಡುವುದಿಲ್ಲ.

ನಂತೂರು, ಪಂಪ್‌ವೆಲ್‌ಗಳ ಟ್ರಾಫಿಕ್ಕಿನಲ್ಲಿ ಏಸಿ ಹಾಕಿ ನಿಂತಾಗ ಬಾನೆಟ್ಟಿನೊಳಗಿನ ಗಾಳಿ 35 ಡಿಗ್ರಿಗೆ ನಿಲ್ಲುವುದಿಲ್ಲ. ಅಲ್ಲಿಂದ ಹೊರಟ ಮೊದಲ ಕೆಲವು ನಿಮಿಷ ಪೂರ್ತಿ ಬೂಸ್ಟ್ ಕೇಳದಿರುವುದು ಒಳ್ಳೆಯದು. ತೇವದ ಲೆಕ್ಕವೂ ಇದೆ. 32 ಡಿಗ್ರಿ ಸೆಕೆಯಲ್ಲಿ ಆರ್ದ್ರತೆ ಶೇ. 75 ಇದ್ದರೆ ಗಾಳಿಯ ಒತ್ತಡದಲ್ಲಿ ಶೇ. 3.5ರಷ್ಟು ಬರೀ ನೀರಾವಿಯದ್ದು, ಅಷ್ಟು ಜಾಗದಲ್ಲಿ ಆಮ್ಲಜನಕ ಇಲ್ಲ. ಬೆಂಗಳೂರಿನವರ ಅಂಕಿ ನೋಡಿ ಇಲ್ಲಿ ಸೆಟ್ ಮಾಡಿದರೆ ಅದೇ ಫಲ ಬರುವುದಿಲ್ಲ.

ಪೆಟ್ರೋಲ್ ಗಾಡಿಯಲ್ಲಿ ಮುರಿಯುವುದು

ಪೆಟ್ರೋಲ್ ಎಂಜಿನ್ನಿನ ಶತ್ರು ನಾಕಿಂಗ್. ಸ್ಪಾರ್ಕ್ ಹೊತ್ತಿಸಿದ ಬೆಂಕಿ ಮುಟ್ಟುವ ಮೊದಲೇ ಮೂಲೆಯ ಮಿಶ್ರಣ ಒತ್ತಡ ಮತ್ತು ಬಿಸಿಗೆ ತಾನಾಗಿ ಸಿಡಿಯುತ್ತದೆ. ಮೊದಲು ಒಡೆಯುವುದು ಪಿಸ್ಟನ್ನಿನ ರಿಂಗ್ ಕೂರುವ ಅಂಚು, ಆಮೇಲೆ ಹೆಡ್ ಗ್ಯಾಸ್ಕೆಟ್. ಇಂಧನ ಕಡಿಮೆ ಬಿದ್ದರೆ ಬಿಸಿ ಇನ್ನೂ ಹೆಚ್ಚು. ಲ್ಯಾಂಬ್ಡಾ ಎಂದರೆ ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಾಲು ಇದೆ ಎಂಬ ಅಳತೆ, 1ಕ್ಕಿಂತ ಕಡಿಮೆಯಾದರೆ ಇಂಧನ ಹೆಚ್ಚು; ಬೂಸ್ಟಿನಲ್ಲಿ ಅದು 0.80ರಿಂದ 0.85ರ ನಡುವೆ ಇರಬೇಕು, ಇದನ್ನು ನೋಡಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಹಳೆಯ ಗಾಡಿಗಳ ಸಾದಾ ಆಕ್ಸಿಜನ್ ಸೆನ್ಸರ್ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ.

ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ಇದು ಇನ್ನೂ ಮುಖ್ಯ. ಎಥನಾಲ್ ಇಲ್ಲದ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅದೇ ಗಾಳಿಗೆ ಈಗ ಶೇ. 9ರಷ್ಟು ಹೆಚ್ಚು ಇಂಧನ ಹಾಕಬೇಕು. ಬೂಸ್ಟ್ ಮುಟ್ಟದೆಯೇ ಹಳೆಯ ಇಂಜೆಕ್ಟರ್ ಮತ್ತು ಪಂಪಿನ ಮೇಲೆ ಅಷ್ಟು ಹೊರೆ ಬಿದ್ದಾಗಿದೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಮೂಲ ಲೆಕ್ಕದ ಮೇಲೆ ಎಷ್ಟು ಹೆಚ್ಚು ಇಂಧನ ಹಾಕುತ್ತಿದೆ ಎಂಬ ಅಂಕಿ, ನೋಡಿ: ಈಗಾಗಲೇ ಶೇ. 10 ದಾಟಿದ್ದರೆ ಬೂಸ್ಟ್ ಏರಿಸಲು ಜಾಗವಿಲ್ಲ. ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) ಶೇ. 85 ಮೀರಬಾರದು. ಪಂಪ್ ಮ್ಯಾನಿಫೋಲ್ಡಿನ ಬೂಸ್ಟ್ ಒತ್ತಡವನ್ನೂ ಸೋಲಿಸಿ ಪೆಟ್ರೋಲ್ ತಳ್ಳಬೇಕು, ಒತ್ತಡ ಏರಿದಷ್ಟೂ ಅದು ಕೊಡುವ ಪ್ರಮಾಣ ಇಳಿಯುತ್ತದೆ. ಲೆಕ್ಕಕ್ಕಾಗಿ ಯಾವಾಗಲೂ ಲ್ಯಾಂಬ್ಡಾ ಓದಿ. ಗಾಳಿ-ಇಂಧನ ಅನುಪಾತ ತೋರಿಸುವ ಗೇಜುಗಳು 14.7 ಹಿಡಿದು ಲೆಕ್ಕ ಹಾಕುತ್ತವೆ, ಇ20ಯಲ್ಲಿ ಆ ಅಂಕಿ ದಾರಿ ತಪ್ಪಿಸುತ್ತದೆ.

95 ಆಕ್ಟೇನಿನ ಪೆಟ್ರೋಲೇ ಹಾಕಿ. ಪ್ಲಗ್ ಗ್ಯಾಪ್ 0.8 ಮಿ.ಮೀ. ಇದ್ದರೆ 0.65ರ ಹತ್ತಿರ ತನ್ನಿ, ಇಲ್ಲದಿದ್ದರೆ ಒತ್ತಡ ಹೆಚ್ಚಾದಾಗ ಕಿಡಿ ಹಾರದೆ ಮಿಸ್ಫೈರ್ ಆಗುತ್ತದೆ. ಸ್ಕ್ಯಾನರಿನಲ್ಲಿ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಗಮನಿಸಿ. ಬೂಸ್ಟ್ ಏರಿಸಿದ ಮೇಲೆ ಅದೇ ಆರ್‌ಪಿಎಂನಲ್ಲಿ ಟೈಮಿಂಗ್ ಹಿಂದಕ್ಕೆ ಬರುತ್ತಿದ್ದರೆ ನಾಕ್ ಸೆನ್ಸರ್ ಎಂಜಿನ್ನನ್ನು ಉಳಿಸುತ್ತಿದೆ ಎಂದರ್ಥ. ಅಲ್ಲಿಂದ ಮುಂದೆ ಬೂಸ್ಟ್ ಏರಿಸಿದರೆ ಬಲ ಏರುವುದಿಲ್ಲ, ಬಿಸಿ ಮಾತ್ರ ಏರುತ್ತದೆ.

ಡೀಸೆಲಿನ ದಾರಿ ಬೇರೆ

ಡೀಸೆಲ್ ಎಂಜಿನ್ನಿನಲ್ಲಿ ಬಲ ಕೊಡುವುದು ಡೀಸೆಲಿನ ಪ್ರಮಾಣ, ಗಾಳಿಯಲ್ಲ. ಸ್ವಿಫ್ಟಿನಂಥ ಕಾಮನ್ ರೈಲ್ (ಡೀಸೆಲ್ ಪ್ರಮಾಣವನ್ನು ಇಸಿಯು ತೀರ್ಮಾನಿಸುವ) ಗಾಡಿಯಲ್ಲಿ ವೇಸ್ಟ್‌ಗೇಟ್ ಬಿಗಿ ಮಾಡಿ ಬೂಸ್ಟ್ ಏರಿಸಿದರೆ ಇಸಿಯು ಡೀಸೆಲ್ ಹೆಚ್ಚಿಸುವುದಿಲ್ಲ. ಹೊಗೆ ಕಡಿಮೆಯಾಗಬಹುದು, ಪಿಕಪ್ ಹಾಗೇ ಇರುತ್ತದೆ. ಇಂಧನ ಬದಲಿಸಲು ಮ್ಯಾಪನ್ನೇ ಬದಲಿಸಬೇಕು, ಆಗ ಮೊದಲು ಜಾರುವುದು ಕ್ಲಚ್.

ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಕೈಯಿಂದ ಮಾಡುವ ಕೆಲಸ ಸಾಧ್ಯ. ಬಾಷ್ ವಿಇ ಮಾದರಿಯ ರೋಟರಿ ಪಂಪಿನ ಹಿಂಭಾಗದಲ್ಲಿ ಲಾಕ್ ನಟ್ ಇರುವ ಫುಲ್ ಲೋಡ್ ಸ್ಕ್ರೂ ಇರುತ್ತದೆ. ಟರ್ಬೋ ಪಂಪಾದರೆ ತಲೆಯ ಮೇಲೆ ಬೂಸ್ಟ್ ನೋಡಿ ಡೀಸೆಲ್ ಹೆಚ್ಚಿಸುವ ಡಯಾಫ್ರಂ ಡಬ್ಬಿಯೂ ಇರುತ್ತದೆ. ಮೊದಲು ಆ ಡಬ್ಬಿಗೆ ಹೋಗುವ ಹೋಸ್ ಸರಿ ಇದೆಯೇ ನೋಡಿ. ಅದು ಒಡೆದಿದ್ದರೆ ಟರ್ಬೋ ಎಷ್ಟು ಊದಿದರೂ ಪಂಪಿಗೆ ಗೊತ್ತಾಗುವುದಿಲ್ಲ, ಬಹಳ ಗಾಡಿಗಳ ಪಿಕಪ್ ಹೋಗಿರುವುದು ಅಲ್ಲೇ. ಫುಲ್ ಲೋಡ್ ಸ್ಕ್ರೂ ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಒಟ್ಟು ಕಾಲು ಸುತ್ತಿಗಿಂತ ಹೆಚ್ಚು ಬೇಡ. ಜೊತೆಗೆ ಐಡ್ಲಿಂಗ್ ಏರುತ್ತದೆ, ಅದನ್ನು ಐಡಲ್ ಸ್ಕ್ರೂನಿಂದ ಇಳಿಸಬೇಕು. ಮಿತಿ ಮೀರಿ ತಿರುಗಿಸಿದರೆ ಎಕ್ಸಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಎಂಜಿನ್ ಓಡಿಬಿಡುವ ಅಪಾಯ ಇದೆ.

ಪೆಟ್ರೋಲಿನಲ್ಲಿ ಇಂಧನ ಕಡಿಮೆಯಾದರೆ ಬಿಸಿ, ಡೀಸೆಲಿನಲ್ಲಿ ಇಂಧನ ಹೆಚ್ಚಾದರೆ ಬಿಸಿ. ಕಪ್ಪು ಹೊಗೆ ಬಂತೆಂದರೆ ಗಾಳಿಗಿಂತ ಡೀಸೆಲ್ ಜಾಸ್ತಿಯಾಯಿತು. ಕಣ್ಣಿನ ಅಂದಾಜಿಗಿಂತ ಹೊಗೆಯ ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್ ನಂಬಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಟರ್ಬೋಗೆ ಮೊದಲು ಕೂರಿಸಿ. ಏರಿನಲ್ಲಿ ನಿಮಿಷಗಟ್ಟಲೆ 700 ಡಿಗ್ರಿ ಮೀರಿದರೆ ಸ್ಕ್ರೂ ಹಿಂದಕ್ಕೆ ತಿರುಗಿಸಿ. ಟರ್ಬೋದ ಆಚೆ ಕೂರಿಸಿದರೆ ಹೊಗೆ ಟರ್ಬೈನಿನಲ್ಲಿ ಬಿಸಿ ಕಳೆದುಕೊಂಡ ಮೇಲಿನ ಅಂಕಿ ಸಿಗುತ್ತದೆ, ಅದು ಮ್ಯಾನಿಫೋಲ್ಡಿನ ಬಿಸಿಗಿಂತ ನೂರು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು, ಕೆಳಗಿರಬಹುದು. ಮ್ಯಾನಿಫೋಲ್ಡ್ ಕೊರೆಯುವಾಗ ಅದನ್ನು ಬಿಚ್ಚಿಯೇ ಕೊರೆಯಿರಿ, ಒಂದು ಚೂರು ಕಬ್ಬಿಣ ಒಳಗೆ ಬಿದ್ದರೂ ಟರ್ಬೈನ್ ರೆಕ್ಕೆ ಹೋಯಿತು.

ಘಾಟಿಯಲ್ಲಿ ಪರೀಕ್ಷೆ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹತ್ತು ಸೆಕೆಂಡ್ ಒತ್ತಿ ನೋಡಿ ಸರಿ ಇದೆ ಎಂದು ತೀರ್ಮಾನಿಸುವುದು ಸಾಲದು. ಬಿಸಿ ಕೂಡಲು ಸಮಯ ಬೇಕು. ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಶಿರಾಡಿ ಏರುವಾಗ ಎಂಜಿನ್ ಬಹಳ ಹೊತ್ತು ಲೋಡಿನಲ್ಲಿರುತ್ತದೆ, ಬೂಸ್ಟ್ ಸೆಟ್ಟಿಂಗಿನ ನಿಜ ಅಲ್ಲಿ ಹೊರಬೀಳುತ್ತದೆ. ಉಡುಪಿಯವರಿಗೆ ಸೋಮೇಶ್ವರದಿಂದ ಆಗುಂಬೆಯ ತಿರುವುಗಳು. ಪ್ರತಿ ತಿರುವಿನಲ್ಲೂ ಬೂಸ್ಟ್ ಸೊನ್ನೆಗಿಳಿದು ಮತ್ತೆ ಏರುವುದರಿಂದ ಗುರಿ ದಾಟಿ ಜಿಗಿಯುತ್ತದೆಯೇ ಎಂದು ನೋಡಲು ಅದು ಹೇಳಿ ಮಾಡಿಸಿದ ಜಾಗ. ಇವು ಟ್ಯಾಂಕರ್, ಬಸ್ಸುಗಳ ರಸ್ತೆ. ಗಾಡಿಯನ್ನು ಮಾಮೂಲಿನಂತೆ ಓಡಿಸಿ, ಗೇಜ್ ಮತ್ತು ಮೊಬೈಲ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದಾಗಿರಲಿ.

ಘಟ್ಟ ಹತ್ತುವಾಗ ಇನ್ನೊಂದು ವಿಷಯ ಸದ್ದಿಲ್ಲದೆ ನಡೆಯುತ್ತದೆ. ಆ್ಯಕ್ಚುಯೇಟರ್ ಡಬ್ಬಿಯ ಹಿಂಬದಿಗೆ ಹೊರಗಿನ ಗಾಳಿಯೇ ಒತ್ತುತ್ತಿರುವುದರಿಂದ ಅದು ಎತ್ತರದಲ್ಲೂ ಅದೇ 0.8 ಬಾರ್ ಬೂಸ್ಟ್ ಕೊಡುತ್ತದೆ. ಆದರೆ 900 ಮೀಟರ್ ಎತ್ತರದ ಸಕಲೇಶಪುರದ ಕಡೆ ಹೊರಗಿನ ಒತ್ತಡ 0.91 ಬಾರ್ ಮಾತ್ರ. ಪಣಂಬೂರಿನಲ್ಲಿ ಕಂಪ್ರೆಸರ್ ಗಾಳಿಯನ್ನು 1.79 ಪಟ್ಟು ಒತ್ತುತ್ತಿದ್ದರೆ ಅಲ್ಲಿ 1.88 ಪಟ್ಟು ಒತ್ತಬೇಕು. ಗೇಜಿನ ಮುಳ್ಳು ಕದಲುವುದಿಲ್ಲ, ಟರ್ಬೋ ಮಾತ್ರ ಇನ್ನಷ್ಟು ವೇಗದಲ್ಲಿ ತಿರುಗುತ್ತಿರುತ್ತದೆ. ಮಡಿಕೇರಿಯಲ್ಲಿ ಇದು 1.9 ಪಟ್ಟು. ಸಮುದ್ರ ತೀರದಲ್ಲಿ ಟರ್ಬೋದ ಮಿತಿಗೆ ಮುಟ್ಟಿಸಿ ಸೆಟ್ ಮಾಡಿದ ಗಾಡಿ ಘಟ್ಟದ ಮೇಲೆ ಮಿತಿ ದಾಟಿರುತ್ತದೆ. ಆದ್ದರಿಂದ ಇಲ್ಲಿ ಸೆಟ್ ಮಾಡುವಾಗಲೇ 0.1 ಬಾರ್ ಕಡಿಮೆ ಇಡಿ. ಮಳೆಗಾಲದಲ್ಲಿ ಒದ್ದೆಯಾದ, ಧೂಳು ಕಟ್ಟಿದ ಏರ್ ಫಿಲ್ಟರೂ ಟರ್ಬೋ ಬಾಯಿಯ ಒತ್ತಡ ಇಳಿಸಿ ಇದೇ ಪರಿಣಾಮ ಮಾಡುತ್ತದೆ.

ಎಷ್ಟು ಏರಿಸಬಹುದು? ಬೇರೇನೂ ಬದಲಿಸದ ಆರೋಗ್ಯವಂತ ಎಂಜಿನ್ನಿಗೆ ಕಂಪನಿಯ ಅಂಕಿಯ ಮೇಲೆ 0.15ರಿಂದ 0.2 ಬಾರ್, ಅಂದರೆ 2ರಿಂದ 3 ಪಿಎಸ್‌ಐ. ಅದಕ್ಕಿಂತ ಮೇಲೆ ಹೋಗಬೇಕೆಂದರೆ ಇಂಧನ, ಇಂಟರ್‌ಕೂಲರ್, ಮ್ಯಾಪ್ ಮೂರೂ ಒಟ್ಟಿಗೆ ಬದಲಾಗಬೇಕು. ಒಂದು ಸಲಕ್ಕೆ 0.05 ಬಾರ್ ಏರಿಸಿ, ಪ್ರತಿ ಸಲವೂ ಬೂಸ್ಟ್, ಇನ್‌ಟೇಕ್ ಗಾಳಿಯ ಬಿಸಿ, ಟೈಮಿಂಗ್ ಅಥವಾ ಎಕ್ಸಾಸ್ಟ್ ಬಿಸಿ ಬರೆದಿಡಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ, ವಿಮೆಯವರು ಕ್ಲೇಮ್ ತಿರಸ್ಕರಿಸಲು ಇದನ್ನೇ ಕಾರಣ ಕೊಡಬಹುದು. ಬಿಎಸ್ 4 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡ) ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆ ತಪಾಸಣೆಯ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್, ಹೊಗೆ ಎಷ್ಟು ದಟ್ಟ ಎಂಬುದರ ಅಳತೆ ಅದು. ಪಂಪಿನ ಸ್ಕ್ರೂ ಮುಟ್ಟಿದ ಗಾಡಿ ಮೊದಲು ಸಿಕ್ಕಿಬೀಳುವುದು ಅಲ್ಲೇ.

ಬೂಸ್ಟ್ ಏರಿಸಿದ ಗಾಡಿಗೆ ಪ್ರತಿ 5,000 ಕಿ.ಮೀ.ಗೆ ಒಳ್ಳೆಯ ಸಿಂಥೆಟಿಕ್ ಆಯಿಲ್ ಹಾಕಿ. ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸಬೇಡಿ, ಒಂದೆರಡು ನಿಮಿಷ ಐಡ್ಲಿಂಗ್ ಬಿಡಿ. ಇಲ್ಲದಿದ್ದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಕರಿಯಾಗಿ ಕಟ್ಟಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಆ್ಯಕ್ಚುಯೇಟರ್ ಸರಳಿಗೆ ಮತ್ತೊಮ್ಮೆ ಕೈಪಂಪ್ ಹಾಕಿ ಹಳೆಯ ಅಂಕಿಯ ಜೊತೆ ಹೋಲಿಸಿ. ಕದಲಲು ಮೊದಲಿಗಿಂತ ಹೆಚ್ಚು ಒತ್ತಡ ಬೇಕಾಗುತ್ತಿದ್ದರೆ ಶಾಫ್ಟಿನಲ್ಲಿ ತುಕ್ಕು ಶುರುವಾಗಿದೆ. ಬಿಸಿ ತಾಳುವ ತಾಮ್ರದ ಗ್ರೀಸ್ ತುಸು ಹಚ್ಚಿ, ಕೈಯಿಂದ ಆಡಿಸಿ ಸಡಿಲ ಮಾಡಿ. ಸಡಿಲವಾಗುವವರೆಗೆ ಬೂಸ್ಟ್ ವಾಲ್ವನ್ನು ಅತಿ ಕಡಿಮೆಯ ತುದಿಗೆ ತಿರುಗಿಸಿಡಿ.